ಜೈಸಲ್ಮೇರ್‌ನಲ್ಲಿ "ಎಲ್ಲಾ ಸೇರಿ" ಅನ್ನೋ ಸಫಾರಿಗೆ ದುಡ್ಡು ಕೊಡೋ ಮುಂಚೆ ಇದನ್ನ ಓದಿ

ಜೈಸಲ್ಮೇರ್‌ಗೆ ಹೊರಟಿರೋರು ದಯವಿಟ್ಟು ಪೂರ್ತಿ ಓದಿ. ಕೋಟೆ ಚೆನ್ನಾಗಿದೆ, ಊಟ ಚೆನ್ನಾಗಿದೆ, ಊರಿನ ಜನರ ಮೇಲೂ ದೂರಿಲ್ಲ. ದೂರು ಇರೋದು ಒಂದರ ಮೇಲೇನೆ: ರೂಮಿನ ಜೊತೆ ಅಂಟಿಸಿ ಮಾರೋ ಮರಳುಗಾಡಿನ ಸಫಾರಿ. ಅದನ್ನ ಮಾತ್ರ ಹೋಟೆಲಿನವರ ಕೈಯಲ್ಲಿ ಬುಕ್ ಮಾಡಿಸಬೇಡಿ. ಮತ್ತೆ ಹೇಳ್ತೀನಿ, ಮಾಡಿಸಬೇಡಿ.

ರೂಮಿಗೆ 400 ರೂಪಾಯಿ. ಕೋಟೆ ಕಾಣುತ್ತೆ, ಬಿಸಿನೀರಿದೆ, ಸ್ಟೇಷನ್ನಿಂದ ಪಿಕಪ್ಪೂ ಫ್ರೀ. ಡಿಸೆಂಬರ್ ಸೀಸನ್ನಿನಲ್ಲಿ ಆ ರೇಟಿಗೆ ಯಾರು ಯಾಕೆ ಕೊಡ್ತಾರೆ? ಆ ರೂಮು ಗಾಳಕ್ಕೆ ಸಿಕ್ಕಿಸಿದ ಎರೆಹುಳ. ದುಡ್ಡೆಲ್ಲ ಇರೋದು ಸಫಾರಿಯಲ್ಲಿ. ಬ್ಯಾಗ್ ಇಳಿಸಿ ಚಹಾ ಕೈಗೆ ಬರೋಷ್ಟರಲ್ಲಿ ಪ್ರಶ್ನೆ ಬರುತ್ತೆ: "ಸಫಾರಿ ಕಾ ಕ್ಯಾ ಪ್ಲಾನ್ ಹೈ ಸರ್‌ಜೀ?" ಬೇರೆ ಕಡೆ ಮಾತಾಡಿದೀವಿ ಅಂದ್ರೆ ಮುಖ ಬದಲಾಗುತ್ತೆ. ಆಮೇಲೆ ಗೀಸರ್ ಕೆಡುತ್ತೆ, ರೂಮು ನಾಳೆಗೆ "ಬುಕ್" ಆಗಿರುತ್ತೆ, ಚೆಕ್‌ಔಟ್ ಒಂಬತ್ತಕ್ಕೇ ಅಂತಾರೆ. ರೈಲಿನಲ್ಲಿ ಬರೋರಿಗೆ ಇದು ಇನ್ನೂ ಮುಂಚೇನೇ ಶುರುವಾಗುತ್ತೆ. ನಮ್ಮ ಕಡೆಯವರು ಸುಮಾರು ಜನ ಹುಬ್ಬಳ್ಳಿ ಮೇಲೆ ಹೋಗೋ ರೈಲಿನಲ್ಲಿ ಜೋಧಪುರ ಸೇರಿ, ಅಲ್ಲಿಂದ ಜೈಸಲ್ಮೇರ್ ರೈಲು ಹತ್ತುತ್ತಾರೆ. ರಾಮದೇವ್ರಾ, ಪೋಕರಣ್ ಹತ್ತಿರ ಬೋಗಿಗೆ ಹತ್ತಿ "ಎಲ್ಲಿಂದ ಬಂದ್ರಿ, ಹೋಟೆಲ್ ಯಾವುದು" ಅಂತ ಪಕ್ಕದಲ್ಲೇ ಕೂರೋ ಸಭ್ಯಸ್ಥರಿರುತ್ತಾರೆ. ಅವರು ಪ್ರಯಾಣಿಕರಲ್ಲ, ಬೇರೆ ಹೋಟೆಲಿಗೆ ಗಿರಾಕಿ ಹಿಡಿಯೋ ಏಜೆಂಟರು. ಹೋಟೆಲ್ ಹೆಸರು ಹೇಳಿದ ತಕ್ಷಣ "ಅಯ್ಯೋ, ಅದು ಕ್ಲೋಸ್ ಆಗಿದೆ" ಅಂತಾರೆ. ಆಗಿರಲ್ಲ.

ಈಗ ಪ್ಯಾಕೇಜಿಗೆ ಬರೋಣ. ತಲೆಗೆ 1,800. ಬಾಯಲ್ಲಿ ಹೇಳಿದ್ದು ಇಷ್ಟು: ಜೀಪು, ಒಂಟೆ ಸವಾರಿ, ಸೂರ್ಯಾಸ್ತ, ಹಾಡು ಕುಣಿತ, ರಾಜಸ್ಥಾನಿ ಊಟ, ಟೆಂಟು, ಬೆಳಿಗ್ಗೆ ತಿಂಡಿ. "ಸಬ್ ಇನ್‌ಕ್ಲೂಡೆಡ್, ಏಕ್ ರುಪಯಾ ಎಕ್ಸ್‌ಟ್ರಾ ನಹೀಂ." ಬರೆದು ಕೊಟ್ಟ ಚೀಟಿಯಲ್ಲಿ "ಡೆಸರ್ಟ್ ಪ್ಯಾಕೇಜ್ ಫುಲ್" ಅಂತ ಮಾತ್ರ ಇತ್ತು. ಆ ಚೀಟೀನೇ ಆಮೇಲೆ ನಮ್ಮ ಮುಂದೆ ಹಿಡಿದರು.

ಮೋಸ ಎಲ್ಲಿ ಕೂತಿದೆ ನೋಡಿ. ಸಮ್ ಮರಳುದಿಬ್ಬ ಊರಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ., ರಸ್ತೆ ಚೆನ್ನಾಗಿದೆ, ಒಂದು ಗಂಟೆ ದಾರಿ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಮುಳುಗೋದು ಸುಮಾರು ಆರು ಗಂಟೆಗೆ. ಅಂದ್ರೆ ಮೂರೂವರೆ ಒಳಗೆ ಊರು ಬಿಡಲೇಬೇಕು. ಇವರು ನಾಲ್ಕೂ ಮುಕ್ಕಾಲಿಗೆ ಹೊರಡಿಸ್ತಾರೆ. ದಾರಿಯಲ್ಲಿ ಕುಲಧರಾ ಅನ್ನೋ ಪಾಳುಬಿದ್ದ ಹಳ್ಳಿಯಲ್ಲಿ ನಿಲ್ಲಿಸ್ತಾರೆ, ಆಮೇಲೆ ಯಾವುದೋ ಅಂಗಡಿ ಮುಂದೆ "ಪಾಂಚ್ ಮಿನಿಟ್" ಅಂತಾರೆ. ಕ್ಯಾಂಪು ಮುಟ್ಟೋ ಹೊತ್ತಿಗೆ ಬೆಳಕು ಇಳೀತಾ ಇರುತ್ತೆ. ಆಗ ಎದುರಾಗೋದೇ "ಸನ್‌ಸೆಟ್ ಪಾಯಿಂಟ್". ಅಲ್ಲಿಗೆ ಬೇಗ ಹೋಗಬೇಕಾದ್ರೆ ಜೀಪಿಗೆ ಬೇರೆ ದುಡ್ಡು. ತಡ ಮಾಡಿಸೋರು ಅವರೇ, ಆ ತಡಕ್ಕೆ ದುಡ್ಡು ಕೇಳೋರೂ ಅವರೇ!

ಇನ್ನು ಕ್ಯಾಂಪು "ಸಮ್‌ನಲ್ಲಿ" ಅಂದ್ರೆ ಮರಳಿನ ಮೇಲೆ ಅಂತ ತಿಳ್ಕೋಬೇಡಿ. ಸಮ್‌ಗೆ ಮುಂಚೆ ಸಿಗೋ ಕನೋಯಿ ಊರಿನ ಸುತ್ತ ರಸ್ತೆ ಪಕ್ಕದ ಗಟ್ಟಿ ನೆಲದಲ್ಲಿ ಟೆಂಟ್ ಹಾಕಿ ಅದಕ್ಕೂ ಸಮ್ ಅಂತಲೇ ಹೆಸರಿಡ್ತಾರೆ. ಟೆಂಟಿನಿಂದ ಹೊರಗೆ ಬಂದ್ರೆ ಕಾಣೋದು ಕುರುಚಲು ಗಿಡ, ಜನರೇಟರು, ಪಕ್ಕದ ಕ್ಯಾಂಪಿನ ಡಿಜೆ ಬಾಕ್ಸು.

ಒಂಟೆ. ಇದನ್ನ ನೆನೆಸಿಕೊಂಡ್ರೆ ಈಗಲೂ ಮೈ ಉರಿಯುತ್ತೆ. ಹತ್ತಿಸಿದ್ದಾಯ್ತು, ಒಂದು ಒಂಟೆಗೆ ಇಬ್ಬಿಬ್ಬರು. (ಏಳುವಾಗ ಒಂಟೆ ಹಿಂಗಾಲು ಮೊದಲು ಎತ್ತುತ್ತೆ, ಕೂರುವಾಗ ಮುಂಗಾಲು ಮೊದಲು ಮಡಚುತ್ತೆ. ಎರಡು ಸಲವೂ ಮೈ ಹಿಂದಕ್ಕೆ ವಾಲಿಸಿ, ತಡಿಯ ಹಿಡಿ ಬಿಡಬೇಡಿ. ಇದನ್ನ ಯಾರೂ ಹೇಳಲ್ಲ. ವಯಸ್ಸಾದವರು ಬೀಳೋದು ಇಲ್ಲೇ.) ರಸ್ತೆ ದಾಟಿ, ಬಾಟಲಿ, ಚಿಪ್ಸ್ ಪೊಟ್ಟಣ ಬಿದ್ದಿರೋ ಮೊದಲನೇ ದಿಬ್ಬದ ಬುಡಕ್ಕೆ ಹೋಗಿ ಒಂಟೆ ಕೂತೇ ಬಿಡ್ತು. ಇಳೀರಿ ಅಂದ. ಇಷ್ಟೇನಾ?

"ಬಸ್ ಜೀ, ಹೋ ಗಯಾ. ಆಗೆ ಪಾಯಿಂಟ್ ತಕ್ ಜಾನಾ ಹೈ ತೋ ಛೇ ಸೌ ಪರ್ ಕ್ಯಾಮೆಲ್." (ಇಷ್ಟೇ, ಮುಗೀತು. ಮುಂದೆ ಪಾಯಿಂಟ್‌ವರೆಗೆ ಹೋಗಬೇಕಂದ್ರೆ ಒಂಟೆಗೆ ಆರುನೂರು ಅಂತೆ.)

ಅತ್ತ ಸೂರ್ಯ ಮುಳುಗ್ತಾ ಇದಾನೆ, ಮಕ್ಕಳು ಒಂಟೆ ಮೇಲಿಂದ ಇಳಿಯಲ್ಲ ಅಂತಿದಾರೆ, ಅಕ್ಕಪಕ್ಕದ ಒಂಟೆಗಳ ಜನ ನಮ್ಮನ್ನೇ ನೋಡ್ತಿದಾರೆ. ಆ ಹೊತ್ತಲ್ಲಿ ಯಾರು ಚೌಕಾಸಿ ಮಾಡ್ತಾರೆ? ಅದು ಅವರಿಗೂ ಗೊತ್ತು. ಗೊತ್ತಿದ್ದೇ ಅಲ್ಲೇ ಕೂರಿಸೋದು, ಆ ಜಾಗದಲ್ಲೇ, ಆ ಹೊತ್ತಲ್ಲೇ. ಅಲ್ಲಿಂದಲೇ ಹೋಟೆಲಿನವನಿಗೆ ಫೋನ್ ಹಚ್ಚಿದ್ದಾಯ್ತು.

"ಸರ್‌ಜೀ, ಕ್ಯಾಮೆಲ್ ರೈಡ್ ಹುವಾ ಕಿ ನಹೀಂ ಹುವಾ?"

ಆಯ್ತು, ಆದರೆ ಐದು ನಿಮಿಷ.

"ತೋ ಹುವಾ ನಾ. ಟೈಮ್ ಕಹಾಂ ಲಿಖಾ ಹೈ? ಚೀಟಿ ದೇಖ್ ಲೋ." (ಆಯ್ತಲ್ಲ, ಟೈಮ್ ಎಲ್ಲಿ ಬರೆದಿದೆ, ಚೀಟಿ ನೋಡ್ಕೊಳ್ಳಿ ಅಂತೆ.)

ಎಲ್ಲಾ ಸೇರಿ ಅಂತ ನೀವೇ ಹೇಳಿದ್ರಲ್ಲ ಅಂದ್ರೆ, "ವೋ ತೋ ಕ್ಯಾಂಪ್ ಕಾ ಹೈ, ಕ್ಯಾಂಪ್ ವಾಲೇ ಸೇ ಬಾತ್ ಕರೋ." ಕ್ಯಾಂಪಿನವನನ್ನ ಕೇಳಿದ್ರೆ, "ನಮಗೆ ಹೋಟೆಲಿನವನು ಕೊಟ್ಟಿರೋದು ಊಟ, ಟೆಂಟಿನ ದುಡ್ಡು ಮಾತ್ರ, ಒಂಟೆ ನಮ್ಮದಲ್ಲ." ಒಂಟೆಯವನು, "ನನಗೆ ಏಜೆಂಟ್ ಕೊಡೋದು ಪುಡಿಗಾಸು ಸಾಹೇಬ್, ಪಾಯಿಂಟಿನ ದುಡ್ಡೇ ನನ್ನ ದುಡಿಮೆ." ಮೂರು ಜನ ಮೂರು ಕಡೆ ಕೈ ತೋರಿಸ್ತಾರೆ. ಒಂಟೆಯವನ ಮಾತೊಂದನ್ನ ಮಾತ್ರ ನಂಬಬಹುದು. ಅವನ ಮೇಲೆ ರೇಗಬೇಡಿ. ನೀವು ಕೊಟ್ಟ 1,800ರಲ್ಲಿ ಅವನ ಪಾಲು ಎಷ್ಟು ಅಂತ ಅವನ ಒಂಟೆಯ ಪಕ್ಕೆಲುಬು ನೋಡಿದ್ರೇ ಗೊತ್ತಾಗುತ್ತೆ.

ಜೀಪಿನದೂ ಇದೇ ಕಥೆ. ತೆರೆದ ಜಿಪ್ಸಿಯಲ್ಲಿ ಎಂಟು ಜನರನ್ನ ಹಿಂದೆ ನಿಲ್ಲಿಸಿ ನಾಲ್ಕು ದಿಬ್ಬ ಹಾರಿಸಿ ವಾಪಸ್. ಸೀಟ್ ಬೆಲ್ಟ್ ಇಲ್ಲ, ಹಿಡ್ಕೊಳ್ಳೋಕೆ ಒಂದು ಕಬ್ಬಿಣದ ಸರಳು. ಬೆನ್ನು ನೋವಿರೋರು, ಬಸುರಿಯರು, ಚಿಕ್ಕ ಮಕ್ಕಳು ಹತ್ತಲೇಬೇಡಿ. ಪ್ಯಾಕೇಜಲ್ಲಿ ಸೇರಿದೆ ಅಂತ ಸುಮ್ಮನೆ ಹತ್ತಿಸ್ತಾರೆ.

ರಾತ್ರಿ ಹಾಡು. ಮಾಂಗಣಿಯಾರ್ ಅನ್ನೋ ಅಲ್ಲಿನ ಜನಪದ ಹಾಡುಗಾರರ ಹಾಡು, ಖಡ್ತಾಲ್, ಕಮಾಯಿಚಾ ವಾದ್ಯ ಕೇಳೋಕೆ ಅಂತಲೇ ಅಷ್ಟು ದೂರ ಹೋಗೋರಿದಾರೆ. ಕಾಲ್‌ಬೇಲಿಯಾ ನೃತ್ಯ 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಕಲೆ. ಇಲ್ಲಿ ಆಗೋದು ಅರ್ಧ ಗಂಟೆ ಹಾಡು, ಆಮೇಲೆ ಸ್ಪೀಕರಿನಲ್ಲಿ ಸಿನಿಮಾ ಹಾಡು. ಪಾಪ, ಹಾಡೋರು ತಟ್ಟೆ ಹಿಡ್ಕೊಂಡು ಸಾಲು ಸಾಲಿಗೆ ಬರ್ತಾರೆ. ಕೊಡೋದಾದ್ರೆ ಕಲಾವಿದರ ಕೈಗೇ ಕೊಡಿ. ಮೈಕ್ ಹಿಡಿದು "ಸೌತ್ ಸೇ ಆಯೇ ಹಮಾರೇ ಮೆಹಮಾನ್ ಕ್ಯಾ ದೇಂಗೆ?" (ಸೌತಿಂದ ಬಂದ ನಮ್ಮ ಅತಿಥಿಗಳು ಏನು ಕೊಡ್ತಾರೆ?) ಅಂತ ಎಲ್ಲರ ಮುಂದೆ ಕೂಗೋ ಮನುಷ್ಯ ಕಲಾವಿದ ಅಲ್ಲ, ಕ್ಯಾಂಪಿನವನು. ಇನ್ನೂರು ಜನರ ಮುಂದೆ ಹಂಗೆ ಕೂಗಿಸ್ಕೊಂಡು ಕೂರೋದು ಎಂಥ ಮುಜುಗರ ಅಂತ ಬರೆಯೋಕಾಗಲ್ಲ.

ಊಟಕ್ಕೆ ಬರ್ತೀನಿ, ಹೊಟ್ಟೆ ಉರಿದದ್ದು ಇಲ್ಲೂ ಕಡಿಮೆ ಇಲ್ಲ. ಬಾಟಿ ಅಂದ್ರೆ ಗೋಧಿಹಿಟ್ಟಿನ ಉಂಡೆ, ಬೆರಣಿ ಕೆಂಡದಲ್ಲೋ ಒಲೆಯಲ್ಲೋ ಸುಟ್ಟು, ಬಿಸಿ ಇರುವಾಗಲೇ ಒಡೆದು ತುಪ್ಪದಲ್ಲಿ ಅದ್ದಿ ಕೊಡೋದು. ಒಡೆದಾಗ ಹೊಗೆ ಬರಬೇಕು, ಒಳಗೆ ಪುಡಿಪುಡಿ ಆಗಬೇಕು. ಕ್ಯಾಂಪುಗಳಲ್ಲಿ ಮಧ್ಯಾಹ್ನವೇ ಮಾಡಿ ಬಫೆ ಪಾತ್ರೆಗೆ ಹಾಕಿಡ್ತಾರೆ. ಮರಳುಗಾಡಿನ ಒಣಗಾಳಿಗೆ ಎರಡು ಗಂಟೆಯಲ್ಲಿ ಸಿಪ್ಪೆ ಬಿಗಿದುಕೊಳ್ಳುತ್ತೆ, ಮೇಲೆ ತುಪ್ಪ ಸುರಿದ್ರೂ ಒಳಗೆ ಇಳಿಯಲ್ಲ. ಕೈಯಲ್ಲಿ ಒಡೆಯೋಕಾಗದ ಬಾಟಿ ಹಲ್ಲಿಗೂ ಬೇಡ. ಗಟ್ಟೆ, ಅಂದ್ರೆ ಸಾರಿಗೆ ಹಾಕೋ ಕಡಲೆಹಿಟ್ಟಿನ ತುಂಡು, ಅದೂ ಹಾಗೇ. ಕಡಲೆಹಿಟ್ಟು ಕಲಸುವಾಗ ಮೊಸರು, ಎಣ್ಣೆ ಕಡಿಮೆ ಮಾಡಿದ್ರೆ ಬೆಂದ ಮೇಲೂ ರಬ್ಬರ್. ಮತ್ತೆ "ಕೇರ್ ಸಾಂಗ್ರಿ" ಅಂತ ಫಲಕ ಹಾಕಿದ್ದ ಪಾತ್ರೆಯಲ್ಲಿ ಇದ್ದದ್ದು ಬೀನ್ಸ್ ಪಲ್ಯ! ಸಾಂಗ್ರಿ ಖೇಜ್ರಿ ಮರದ ಎಳೆಕಾಯಿ. ನಾವು ದಸರೆಗೆ ಪೂಜೆ ಮಾಡೋ ಬನ್ನಿ ಇದೆಯಲ್ಲ, ಆ ಮರ. ಕಾಯಿ ಒಣಗಿಸಿ ಇಡ್ತಾರೆ, ಅಡುಗೆಗೆ ಮುಂಚೆ ನೆನೆಹಾಕ್ತಾರೆ, ಬೆಂದಾಗ ಕಂದುಬಣ್ಣದ ತೆಳು ಕಡ್ಡಿಗಳ ಹಾಗಿರುತ್ತೆ. ಜೊತೆಗೆ ಹುಳಿ ಹುಳಿಯಾದ ಕೇರ್ ಕಾಯಿ, ಗುಂಡಗೆ. ಹಸಿರಾಗಿ ಮೆತ್ತಗಿದ್ರೆ ಅದು ಸಾಂಗ್ರಿ ಅಲ್ಲ. ಒಣ ಸಾಂಗ್ರಿ ದುಬಾರಿ ಪದಾರ್ಥ, ಅಗ್ಗದ ಬಫೆಗೆ ಯಾರೂ ಧಾರಾಳವಾಗಿ ಸುರಿಯಲ್ಲ. "ಇದು ಸಾಂಗ್ರಿ ಅಲ್ಲವಲ್ಲ" ಅಂತ ಕೇಳಿದ್ದಕ್ಕೆ ಬಡಿಸೋನು ನಕ್ಕ: "ಸೌತ್ ವಾಲೋಂ ಕೋ ಪತಾ ಹೀ ನಹೀಂ ಚಲ್ತಾ ಸರ್, ಆಪ್ ಕೋ ಕೈಸೇ ಪತಾ?" (ಸೌತಿನವರಿಗೆ ಗೊತ್ತೇ ಆಗಲ್ಲ, ನಿಮಗೆ ಹೇಗೆ ಗೊತ್ತು ಅಂತ.)

ಊಟ ಊರಲ್ಲೇ ಮಾಡಿ. ಗಾಂಧಿ ಚೌಕ, ಹನುಮಾನ್ ಚೌರಾಹಾ ಕಡೆ ಊರಿನ ಜನ ಉಣ್ಣೋ ಸಸ್ಯಾಹಾರಿ ಥಾಲಿ ಹೋಟೆಲುಗಳಿವೆ. ಹೋಗುವಾಗ ಬಾಟಿ ಈಗ ಸುಡ್ತಿದೀರಾ ಅಂತ ಕೇಳಿ, ಅರ್ಧ ಗಂಟೆ ಕಾಯಿರಿ ಅಂದ್ರೆ ಒಳ್ಳೇ ಲಕ್ಷಣ. ಒಬ್ಬರಿಗೆ ಎರಡು ಬಾಟಿ ಸಾಕು, ಜೊತೆಗೆ ಚೂರ್ಮಾ (ಬಾಟಿ ಪುಡಿಮಾಡಿ ತುಪ್ಪ, ಸಕ್ಕರೆ ಬೆರೆಸಿದ ಸಿಹಿ) ಬೇರೆ ಇರುತ್ತೆ. ಚಳಿಗಾಲದಲ್ಲಿ ಸಜ್ಜೆ ರೊಟ್ಟಿ ಕೇಳಿ. ನಮ್ಮ ಉತ್ತರ ಕರ್ನಾಟಕದವರಿಗೆ ಮನೆ ಊಟವೇ, ಅಲ್ಲಿನದು ಇನ್ನೂ ದಪ್ಪ. ಬೆಳಿಗ್ಗೆ ಕಚೋರಿ, ಮಿರ್ಚಿ ಬಡಾ. ಸಿಹಿಗೆ ಘೋಟುವಾ ಲಡ್ಡು, ಇದು ಜೈಸಲ್ಮೇರಿನದೇ. ಕೋಟೆ ಒಳಗಿನ ರೂಫ್‌ಟಾಪ್‌ಗಳಲ್ಲಿ ನೀವು ದುಡ್ಡು ಕೊಡೋದು ನೋಟಕ್ಕೆ, ಊಟಕ್ಕಲ್ಲ. ಅದೂ ತಲೆಕೆಳಗು, ದೀಪ ಹಾಕಿದ ಕೋಟೆ ನೋಡಬೇಕಾದ್ರೆ ಕೋಟೆಯ ಹೊರಗಿನ ಮಾಳಿಗೆ ಮೇಲೆ ಕೂರಬೇಕು. ಕೋಟೆ ಬಾಗಿಲ ಹತ್ತಿರ ಭಾಂಗ್ (ಭಂಗಿಸೊಪ್ಪು) ಅಂಗಡಿ ಇದೆ, ಅದನ್ನೇ ಬೆರೆಸಿದ ಲಸ್ಸಿ ಕೊಡ್ತಾರೆ. ಮಜ್ಜಿಗೆ ಅಂದ್ಕೊಂಡು ಮನೆ ಹಿರಿಯರಿಗೆ ಕೊಡಿಸಬೇಡಿ.

ನೋಡೋ ಜಾಗಗಳಲ್ಲಿ ಎಲ್ಲೆಲ್ಲಿ ಕೈ ಹಾಕ್ತಾರೆ ಅಂತ ಹೇಳಿಬಿಡ್ತೀನಿ. ಕೋಟೆಗೆ ಪ್ರವೇಶ ಟಿಕೆಟ್ ಇಲ್ಲ. 1156ರಲ್ಲಿ ಕಟ್ಟಿದ ಕೋಟೆ, ಈಗಲೂ ಒಳಗೆ ಸಾವಿರಾರು ಜನ ಸಂಸಾರ ಮಾಡ್ಕೊಂಡಿರೋ ಊರು. ಟಿಕೆಟ್ ಇರೋದು ಒಳಗಿನ ಅರಮನೆ ಮ್ಯೂಸಿಯಮ್ಮಿಗೆ. ಬಾಗಿಲಲ್ಲಿ "ಫೋರ್ಟ್ ಟಿಕೆಟ್" ಅಂದವನನ್ನ ದಾಟಿ ಸುಮ್ಮನೆ ನಡೀರಿ. ಒಳಗಿನ ಜೈನ ದೇವಾಲಯಗಳಿಗೆ ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಮೇಲೆ ಪ್ರವಾಸಿಗರನ್ನ ಬಿಡಲ್ಲ, ಚರ್ಮದ ಬೆಲ್ಟು ಪರ್ಸು ಒಯ್ಯೋ ಹಾಗಿಲ್ಲ. ಗೈಡ್ ಬೇಕಂತಲೇ ಮೊದಲು ಅಂಗಡಿ ಸುತ್ತಿಸಿ ಹನ್ನೆರಡು ದಾಟಿಸಿದ್ರೆ ದೇವಸ್ಥಾನ ಹೋಯ್ತು ಅಂತಲೇ ಲೆಕ್ಕ. ಪಟ್ವೋಂ ಕೀ ಹವೇಲಿ, ಅಂದ್ರೆ ಹಳೇ ವ್ಯಾಪಾರಿಗಳ ಕೆತ್ತನೆಯ ದೊಡ್ಡ ಮನೆ, ಒಂದೇ ಕಟ್ಟಡ ಅಲ್ಲ, ಐದು. ಸರ್ಕಾರದ್ದಕ್ಕೆ ಬೇರೆ ಟಿಕೆಟ್, ಖಾಸಗಿ ಮ್ಯೂಸಿಯಮ್ಮಿಗೆ ಬೇರೆ ಟಿಕೆಟ್. ಯಾವುದಕ್ಕೆ ದುಡ್ಡು ಕೊಡ್ತಿದೀರಿ ಅಂತ ಕೇಳಿ ಕೊಡಿ. ಕಲ್ಲಿನ ಕೆತ್ತನೆ ಬೀದಿಯಿಂದಲೇ ಕಾಣುತ್ತೆ, ಅದಕ್ಕೆ ದುಡ್ಡಿಲ್ಲ. ಉಳಿದುಕೊಳ್ಳೋದು ಕೋಟೆ ಹೊರಗೆ. ಒಳಗಿನ ಹೋಟೆಲುಗಳ ನೀರು ಬುಡಕ್ಕೆ ಇಳಿದು ಕೋಟೆ ಬುರುಜುಗಳು ಕುಸಿದಿವೆ.

"ಹಾಬೂರ್ ಕಲ್ಲಿನ ಬಟ್ಟಲು, ಹೆಪ್ಪು ಬೇಡ, ಹಾಲು ತಾನೇ ಮೊಸರಾಗುತ್ತೆ" ಅಂತ ಮಾರ್ತಾರೆ. ಹಾಬೂರ್ ಕಲ್ಲು ಅನ್ನೋದು ನಿಜವಾಗಿಯೂ ಇದೆ, ಅದರಲ್ಲಿ ಚಿಪ್ಪಿನ ಪಳೆಯುಳಿಕೆ ಗುರುತು ಎದ್ದು ಕಾಣುತ್ತೆ. ಏಕಬಣ್ಣದ ಹಳದಿ ಬಟ್ಟಲು ಬರೀ ಊರಿನ ಮರಳುಗಲ್ಲು. ಮೊಸರು ಮನೇಲೇ ಹೆಪ್ಪು ಹಾಕ್ಕೊಳ್ಳಿ.

ಮರಳು ನೋಡಲೇಬೇಕು ಅಂದ್ರೆ ಸ್ವಂತವಾಗಿ ಟ್ಯಾಕ್ಸಿ ಮಾಡ್ಕೊಂಡು ಮಧ್ಯಾಹ್ನವೇ ಹೊರಡಿ. ಇಲ್ಲಾಂದ್ರೆ ಖೂರಿ ಅನ್ನೋ ಹಳ್ಳಿಯ ದಿಬ್ಬಗಳ ಕಡೆ ಹೋಗಿ, ಸಮ್‌ನಷ್ಟು ಸಂತೆ ಇಲ್ಲ. ಒಂಟೆಯವನ ಹತ್ತಿರ ನೇರವಾಗಿ ಮಾತಾಡಿ: ಎಷ್ಟು ಹೊತ್ತು, ಎಲ್ಲಿವರೆಗೆ, ಒಂಟೆಗೆ ಎಷ್ಟು, ಒಬ್ಬರಿಗೆ ಎಷ್ಟು. ದುಡ್ಡು ಇಳಿದ ಮೇಲೆ. ಹೋಟೆಲಿನವನು ಏನೇ ಹೇಳಿದ್ರೂ ವಾಟ್ಸಾಪಿನಲ್ಲಿ ಬರೆಸ್ಕೊಳ್ಳಿ, "ಫುಲ್", "ಆಲ್" ಅನ್ನೋ ಮಾತು ಒಪ್ಪಬೇಡಿ, ನಿಮಿಷದ ಲೆಕ್ಕ ಬೇಕು. ಸೂರ್ಯಾಸ್ತ ಒಂದೇ ಸಾಕು ಅನ್ನೋರಿಗೆ ಊರಂಚಿನ ವ್ಯಾಸ ಛತ್ರಿ ಅನ್ನೋ ಹಳೇ ಸ್ಮಾರಕ ಮಂಟಪಗಳ ಜಾಗ ಇದೆ, 40 ಕಿ.ಮೀ. ಹೋಗೋದೇ ಬೇಡ. ತಂಟೆಯಾದ್ರೆ ಪ್ರವಾಸಿಗರ ಸಹಾಯವಾಣಿ 1363.

ನಾವು ಅರ್ಧ ದುಡ್ಡು ವಾಪಸ್ ಕೇಳಿದ್ವಿ. ಮೊದಲು "ಕಲ್ ಕರ್ ದೂಂಗಾ", ಆಮೇಲೆ "ಮಾಲಿಕ್ ಜೋಧಪುರ್ ಗಯೇ ಹೈಂ", ಆಮೇಲೆ ಬರೀ ನೀಲಿ ಟಿಕ್ಕು. ಕೊನೆಗೆ ಬಂದ ಮೆಸೇಜು ಇದು: "ಸರ್‌ಜೀ ಪಹಲೇ ಗೂಗಲ್ ಪೇ ಫೈವ್ ಸ್ಟಾರ್ ಡಾಲ್ ದೋ, ಸ್ಕ್ರೀನ್‌ಶಾಟ್ ಭೇಜೋ, ಫಿರ್ ರಿಫಂಡ್ ಕಾ ದೇಖತೇ ಹೈಂ." ಆ ಹೋಟೆಲಿಗೆ ಇಷ್ಟೊಂದು ಸ್ಟಾರ್ ಎಲ್ಲಿಂದ ಬಂದಿದೆ ಅಂತ ಆಗ ಗೊತ್ತಾಯ್ತು.