ಕ್ಲಬ್ಬೋ, ಮೈದಾನವೋ, ಚೌಡಯ್ಯ ಹಾಲೋ? ಬೆಂಗಳೂರಲ್ಲಿ ಇಂಡೀ ರಾಕ್ ಕೇಳಲು ಯಾವ ಜಾಗ ಚೆಂದ

ಅದೇ ಬ್ಯಾಂಡು, ಅದೇ ಹಾಡು. ಆದರೂ ಜಾಗ ಬದಲಾದರೆ ಸಂಜೆಯೇ ಬೇರೆಯಾಗುತ್ತದೆ. ಬೆಂಗಳೂರಿನಲ್ಲಿ ಇಂಡೀ ರಾಕ್, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದ ಬ್ಯಾಂಡುಗಳ ಸ್ವಂತ ಹಾಡು, ಕೇಳಲು ಹೊರಟವರಿಗೆ ಸಿಗುವುದು ಮುಖ್ಯವಾಗಿ ಮೂರು ಬಗೆಯ ಜಾಗ: ಇಂದಿರಾನಗರ, ಕೋರಮಂಗಲ, ವೈಟ್‌ಫೀಲ್ಡ್ ಕಡೆಯ ಕ್ಲಬ್ಬುಗಳು, ಅರಮನೆ ಮೈದಾನದಂಥ ಬಯಲು, ಮತ್ತೆ ಚೌಡಯ್ಯ ಸ್ಮಾರಕ ಭವನದಂಥ ಕುರ್ಚಿ ಇರುವ ಸಭಾಂಗಣ. ಪರ್ವಾಜ್, ಸ್ವರಾತ್ಮ, ಥರ್ಮಲ್ ಅಂಡ್ ಎ ಕ್ವಾರ್ಟರ್ ಅಂತ ಈ ಊರಿನ ಬ್ಯಾಂಡುಗಳ ಹಿಂದೆ ವರ್ಷಗಟ್ಟಲೆ ಸುತ್ತಿದವಳು ನಾನು. ಹೆಚ್ಚಿನ ಸಲ ಜೊತೆಗೆ ತಮ್ಮ ಇರುತ್ತಾನೆ, ಕಾಲೇಜಿನ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದವನು. ನನ್ನ ಓಟು ಯಾವುದಕ್ಕೆ ಅಂತ ಮೊದಲೇ ಹೇಳಿಬಿಡುತ್ತೇನೆ: ಕ್ಲಬ್ಬಿಗೆ. ಆದರೆ ಕ್ಲಬ್ಬಿನೊಳಗೆ ಎಲ್ಲಿ ನಿಲ್ಲುತ್ತೀರಿ ಅನ್ನುವುದರ ಮೇಲೆ ಅರ್ಧ ಸಂಜೆ ನಿಂತಿದೆ.

ಮೊದಲು ಮೈದಾನ. ಈ ಊರಿನ ರಾಕ್ ಕೇಳುಗರಿಗೆ ಅರಮನೆ ಮೈದಾನ ಅಂದರೆ 2007ರ ಐರನ್ ಮೇಡನ್, 2011ರ ಮೆಟಾಲಿಕಾ. ಅಷ್ಟು ದೊಡ್ಡ ಬ್ಯಾಂಡಿಗೆ ಅಷ್ಟು ದೊಡ್ಡ ಬಯಲು ಬೇಕು, ಸರಿ. ನಮ್ಮ ಇಂಡೀ ಬ್ಯಾಂಡುಗಳು ಬಯಲಿಗೆ ಬರುವುದು ಹೆಚ್ಚಾಗಿ ಹಬ್ಬದಂಥ ದೊಡ್ಡ ಕಾರ್ಯಕ್ರಮಗಳಲ್ಲಿ, ಹತ್ತಾರು ಕಲಾವಿದರ ನಡುವೆ ಒಬ್ಬರಾಗಿ. ತೊಂದರೆ ಶುರುವಾಗುವುದೇ ಇಲ್ಲಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹತ್ತಕ್ಕೆ ಮುಗಿಯಬೇಕೆಂದರೆ ಮಧ್ಯಾಹ್ನವೇ ಶುರು ಮಾಡಬೇಕು. ಕತ್ತಲಾದ ಮೇಲಿನ ಹೊತ್ತು ದೊಡ್ಡ ಹೆಸರಿನವರಿಗೆ ಹೋಗುತ್ತದೆ. ನೀವು ಯಾರಿಗೋಸ್ಕರ ಬಂದಿರೋ ಆ ಬ್ಯಾಂಡಿಗೆ ಸಿಗುವುದು ಸಂಜೆ ನಾಲ್ಕರ ಬಿಸಿಲು ಮತ್ತು ನಲವತ್ತು ನಿಮಿಷ. ಪರ್ವಾಜ್‌ನಂಥ ಬ್ಯಾಂಡಿಗೆ ಇದು ತೀರಾ ಅನ್ಯಾಯ. ಅವರದು ಉರ್ದು, ಕಾಶ್ಮೀರಿ ಸಾಲುಗಳನ್ನು ನಿಧಾನವಾಗಿ ಬಿಚ್ಚಿಕೊಂಡು ಹೋಗುವ ಉದ್ದನೆಯ ಹಾಡುಗಳು. ಹಾಡು ಕಾವೇರುವ ಹೊತ್ತಿಗೆ ಮುಂದಿನವರ ಡ್ರಮ್ಸ್ ವೇದಿಕೆಯ ಪಕ್ಕಕ್ಕೆ ಬಂದು ಕೂತಿರುತ್ತದೆ.

ಶಬ್ದದ ಲೆಕ್ಕವೂ ಬಯಲಿನಲ್ಲಿ ಬೇರೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ವೇದಿಕೆಯಿಂದ ನೂರು ಮೀಟರ್ ಹಿಂದೆ ನಿಂತವರಿಗೆ ಡ್ರಮ್ಮಿನ ಮೇಲೆ ಕೋಲು ಬೀಳುವುದು ಮೊದಲು ಕಾಣುತ್ತದೆ, ಏಟು ಕೇಳುವುದು ಹೆಚ್ಚುಕಡಿಮೆ ಸೆಕೆಂಡಿನ ಮೂರನೇ ಒಂದು ಭಾಗ ತಡವಾಗಿ. ದೊಡ್ಡ ಮೈದಾನಗಳಲ್ಲಿ ನಡುವೆ ಇನ್ನೊಂದು ಸಾಲು ಸ್ಪೀಕರ್ ಗೋಪುರ ನಿಲ್ಲಿಸಿ, ಅದರ ಶಬ್ದವನ್ನು ಬೇಕೆಂದೇ ಅಷ್ಟು ತಡಮಾಡಿ ಬಿಡುತ್ತಾರೆ. ಇಲ್ಲದಿದ್ದರೆ ಹಿಂದಿನವರಿಗೆ ಒಂದೇ ಸಾಲು ಎರಡೆರಡು ಸಲ ಕೇಳುತ್ತದೆ. ಖರ್ಚು ಉಳಿಸಲು ಆ ಗೋಪುರ ಬಿಟ್ಟರೆ ಹಿಂಬದಿಯಲ್ಲಿ ಉಳಿಯುವುದು ಬೇಸಿನ ಗುಂಯ್‌ಗುಡುವಿಕೆ ಮಾತ್ರ. ಗಾಳಿ ತಿರುಗಿದರೆ ಹಾಡುಗಾರರ ದನಿಯೂ ಹೋಗಿಬಂದು ಮಾಡುತ್ತದೆ.

ಇಷ್ಟಾದರೂ ಕೆಲವು ಬ್ಯಾಂಡುಗಳಿಗೆ ಬಯಲೇ ಸರಿ. ರಘು ದೀಕ್ಷಿತ್ ಬಣ್ಣದ ಲುಂಗಿ ಉಟ್ಟು, ಗೆಜ್ಜೆ ಕಟ್ಟಿ ಶಿಶುನಾಳ ಶರೀಫರ ಪದ ಎತ್ತಿಕೊಂಡರೆ ಐದು ಸಾವಿರ ಜನ ಒಟ್ಟಿಗೆ ದನಿಗೂಡಿಸುತ್ತಾರೆ. ಕ್ಲಬ್ಬಿನ ನಾಲ್ಕು ಗೋಡೆಗೆ ಅದು ಹಿಡಿಸುವುದಿಲ್ಲ. ಸ್ವರಾತ್ಮದ ವಾಸು ದೀಕ್ಷಿತ್ ಕುದುರೆ ವೇಷ ಕಟ್ಟಿಕೊಂಡು ಕುಣಿಯುವುದನ್ನು ನೋಡಲೂ ಅಷ್ಟು ಜಾಗ ಬೇಕು. ಮಕ್ಕಳು, ಅಪ್ಪ-ಅಮ್ಮ ಎಲ್ಲರೂ ಬರುವುದಾದರೆ ಮೈದಾನವೇ ಆರಾಮ. ಚಾಪೆ ಹಾಸಿ ಕೂರಬಹುದು, ಸಾಕೆನಿಸಿದಾಗ ಎದ್ದು ಹೋಗಬಹುದು.

ಈಗ ಕ್ಲಬ್. ಇನ್ನೂರು ಮುನ್ನೂರು ಜನ ಹಿಡಿಸುವ ಕೋಣೆ, ಮೊಣಕಾಲೆತ್ತರದ ವೇದಿಕೆ. ಇಂಡೀ ಬ್ಯಾಂಡು ಹುಟ್ಟಿ ಬೆಳೆಯುವುದೇ ಇಂಥ ಕೋಣೆಯಲ್ಲಿ. ಹಾಡಿನ ಉದ್ದ, ಮಧ್ಯದ ಮಾತು, ಮುಂದಿನ ಹಾಡು ಯಾವುದು ಅನ್ನುವುದೆಲ್ಲ ಎದುರಿಗಿರುವವರ ಮುಖ ನೋಡಿ ತೀರ್ಮಾನವಾಗುತ್ತದೆ. ಬಾಗಿಲು ಏಳಕ್ಕೆ ತೆಗೆಯುತ್ತಾರೆ ಅಂದರೆ ಹಾಡು ಶುರುವಾಗುವುದು ಎಂಟೂವರೆ ಒಂಬತ್ತಕ್ಕೆ. ಆ ನಡುವಿನ ಹೊತ್ತಿನಲ್ಲಿ ಮುಂದೆ ಹೋಗಿ ವೇದಿಕೆಯನ್ನು ನೋಡಬೇಕು, ಇದು ನನಗೆ ತುಂಬಾ ಇಷ್ಟ. ಗಿಟಾರಿನವರ ಕಾಲಬುಡದಲ್ಲಿ ಹಲಗೆಯೊಂದರ ಮೇಲೆ ಸಾಲಾಗಿ, ಕಾಲಲ್ಲಿ ಒತ್ತಿ ಗಿಟಾರಿನ ದನಿ ಬದಲಿಸುವ ಪೆಡಲ್‌ಗಳು, ಒಂದೊಂದರ ಗುಂಡಿಯ ಪಕ್ಕ ಬಿಳಿ ಅಂಟುಪಟ್ಟಿಯ ಮೇಲೆ ಪೆನ್ನಿನ ಗುರುತು. ನೆಲಕ್ಕೆ ಕರಿ ಟೇಪಿನಿಂದ ಅಂಟಿಸಿದ ಹಾಡುಗಳ ಪಟ್ಟಿ. ಅದರಲ್ಲಿ ಪೂರ್ತಿ ಹೆಸರು ಇರುವುದಿಲ್ಲ, ಅವರಿಗೆ ಮಾತ್ರ ಅರ್ಥವಾಗುವ ಮೊಟಕು ಹೆಸರುಗಳು. ಒಂದು ಹಾಡಿನ ಮೇಲೆ ಗೀಟು ಎಳೆದು ಪಕ್ಕದಲ್ಲಿ ಬೇರೊಂದನ್ನು ಬರೆದಿದ್ದರೆ, ಆ ದಿನ ಸೌಂಡ್ ಚೆಕ್ ಹೊತ್ತಿಗೆ ಏನೋ ಮಾತಾಗಿದೆ ಅಂತ ಲೆಕ್ಕ.

ನಿಲ್ಲುವ ಜಾಗದ ವಿಷಯಕ್ಕೆ ನಾನೂ ತಮ್ಮನೂ ಪ್ರತಿಸಲ ಜಗಳವಾಡುತ್ತೇವೆ. ನನಗೆ ಮೊದಲ ಸಾಲೇ ಬೇಕು ಅಂದಾಗಲೆಲ್ಲ ಅವನದು ಒಂದೇ ಮಾತು: "ಅಕ್ಕಾ, ಅಲ್ಲಿ ನಿಂತ್ರೆ ನಿಂಗೆ ಡ್ರಮ್ಮರ್ ಮಾತ್ರ ಕೇಳ್ಸೋದು, ಹಾಡಲ್ಲ." ಎರಡೂ ಕಡೆ ನಿಂತು ನೋಡಿದ ಮೇಲೆ ಕಿವಿಯ ಮಟ್ಟಿಗೆ ಅವನ ಮಾತು ನಿಜ ಅನಿಸಿದೆ. ಹಾಡುಗಾರರ ದನಿ ಬರುವುದು ವೇದಿಕೆಯ ಎಡಬಲಕ್ಕೆ, ತಲೆಯ ಮೇಲೆ ಕಟ್ಟಿದ ದೊಡ್ಡ ಸ್ಪೀಕರ್‌ಗಳಿಂದ. ನಟ್ಟನಡುವೆ ಮುಂದೆ ನಿಂತವರಿಗೆ ಆ ಶಬ್ದ ಪಕ್ಕದಿಂದ ಹಾದುಹೋಗುತ್ತದೆ. ಎದೆಗೆ ನೇರ ಬಡಿಯುವುದು ಡ್ರಮ್ಮು, ಗಿಟಾರಿನ ಆಂಪ್, ಬೇಸ್ ಶಬ್ದಕ್ಕೆಂದು ಕೆಳಗಿಟ್ಟ ಸಬ್‌ವೂಫರ್. ನೆಲದ ಮೇಲೆ ಓರೆಯಾಗಿ ಇಟ್ಟ ಮಾನಿಟರ್‌ಗಳೋ ಕಲಾವಿದರ ಕಡೆಗೆ ಮುಖ ಮಾಡಿರುತ್ತವೆ, ನಮ್ಮ ಕಡೆಗಲ್ಲ.

ಹಾಡು ಹಾಡಿನ ಹಾಗೆ ಕೇಳುವುದು ಸೌಂಡ್ ಎಂಜಿನಿಯರ್ ಮೇಜಿನ ಪಕ್ಕ. ಕಾರಣ ಸರಳ: ಅವರು ಹದ ಮಾಡುವುದು ತಾವು ನಿಂತ ಜಾಗದಲ್ಲಿ ತಮಗೆ ಕೇಳಿಸಿದ್ದನ್ನು ನಂಬಿ. ಅಲ್ಲಿ ನಿಂತು ಅವರ ಬೆರಳನ್ನು ನೋಡುವುದೇ ಒಂದು ಪಾಠ. ಗಿಟಾರಿನ ಸರದಿ ಬರುವ ಅರೆಕ್ಷಣ ಮೊದಲೇ ತೋರುಬೆರಳು ಶಬ್ದ ಹೆಚ್ಚುಕಡಿಮೆ ಮಾಡುವ ಒಂದು ಫೇಡರನ್ನು ಕೂದಲೆಳೆಯಷ್ಟು ಮೇಲೆತ್ತುತ್ತದೆ. ಸರದಿ ಮುಗಿದು ದನಿ ಬರುವಾಗ ಅದೇ ಬೆರಳು ಅದನ್ನು ಇಳಿಸುತ್ತದೆ. ಹಾಡನ್ನು ಬ್ಯಾಂಡಿನಷ್ಟೇ ಚೆನ್ನಾಗಿ ಬಲ್ಲವರು ಮಾತ್ರ ಹಾಗೆ ಮಾಡಬಲ್ಲರು. ಒಳ್ಳೆಯ ಬ್ಯಾಂಡುಗಳು ಊರೂರಿಗೆ ತಮ್ಮದೇ ಎಂಜಿನಿಯರನ್ನು ಕರೆದುಕೊಂಡು ಹೋಗುವುದು ಇದಕ್ಕೇ.

ಹಾಗಿದ್ದರೂ ಮೊದಲ ಸಾಲನ್ನು ನಾನು ಬಿಟ್ಟುಕೊಡುವುದಿಲ್ಲ. ಹಾಡಿನ ನಡುವೆ ಬೇಸಿನವರು ಡ್ರಮ್ಸಿನವರ ಕಡೆ ಒಮ್ಮೆ ಹುಬ್ಬೆತ್ತಿ ನೋಡುತ್ತಾರಲ್ಲ, ಇನ್ನೊಂದು ಸುತ್ತು ಹೊಡೆಯೋಣವೇ ಅಂತ, ಅದು ಹಿಂದೆ ನಿಂತವರಿಗೆ ಕಾಣುವುದೇ ಇಲ್ಲ. ಹೊಸ ಬ್ಯಾಂಡಾದರೆ ಎಂಜಿನಿಯರ್ ಪಕ್ಕ, ಬಾಯಿಪಾಠವಾದ ಬ್ಯಾಂಡಾದರೆ ಮೊದಲ ಸಾಲು ಅಂತ ಈಗ ಮನೆಯಲ್ಲಿ ರಾಜಿಯಾಗಿದೆ.

ಕಿವಿಯ ಬಗ್ಗೆ ಮಾತ್ರ ರಾಜಿ ಬೇಡ. 85 ಡೆಸಿಬೆಲ್ ಶಬ್ದವನ್ನು ಎಂಟು ಗಂಟೆ ತಡೆಯಬಹುದು ಅನ್ನುವ ಅಳತೆಯಲ್ಲಿ, ಮೂರು ಮೂರು ಡೆಸಿಬೆಲ್ ಏರಿದಂತೆ ಹೊತ್ತು ಅರ್ಧಕ್ಕರ್ಧ ಇಳಿಯುತ್ತದೆ. 100 ಡೆಸಿಬೆಲ್ ಆದರೆ ಹದಿನೈದೇ ನಿಮಿಷ. ತಗ್ಗು ಸೂರಿನ ಕ್ಲಬ್ಬಿನಲ್ಲಿ ಅಷ್ಟು ಮುಟ್ಟುವುದು ಕಷ್ಟವೇನಲ್ಲ. ಔಷಧಿ ಅಂಗಡಿಯ ಸ್ಪಂಜಿನ ಬಿರಡೆ ಕಿವಿಯನ್ನು ಉಳಿಸುತ್ತದೆ, ಆದರೆ ಸಿಂಬಲ್ಲು, ದನಿಯ ಅಂಚು ಎಲ್ಲವನ್ನೂ ನುಂಗಿ ಹಾಡನ್ನು ಕಂಬಳಿಯೊಳಗೆ ಸುತ್ತಿದಂತೆ ಮಾಡುತ್ತದೆ. ಸಂಗೀತಗಾರರು ಹಾಕಿಕೊಳ್ಳುವ ಫಿಲ್ಟರ್ ಇರುವ ಸಿಲಿಕೋನ್ ಬಿರಡೆ ದುಬಾರಿಯಾದರೂ ಎಲ್ಲ ಸ್ವರವನ್ನೂ ಹೆಚ್ಚುಕಡಿಮೆ ಒಂದೇ ಸಮ ತಗ್ಗಿಸುತ್ತದೆ. ನಾನು ಈಗ ಅದನ್ನು ಕೀಲಿಗೊಂಚಲಿಗೇ ಸಿಕ್ಕಿಸಿಟ್ಟಿದ್ದೇನೆ.

ಸಭಾಂಗಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಲ್ಲೇಶ್ವರದ ಪಕ್ಕದ ಚೌಡಯ್ಯ ಭವನ ಪಿಟೀಲಿನ ಆಕಾರದ್ದು, ಏಳು ತಂತಿಯ ಪಿಟೀಲು ನುಡಿಸಿದ ಟಿ. ಚೌಡಯ್ಯನವರ ನೆನಪಿಗೆ ಕಟ್ಟಿದ್ದು. ಅಂಥ ಕಡೆ ಪ್ರತಿ ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತದೆ. ಸಾಹಿತ್ಯ ಮುಖ್ಯವಾದ ಬ್ಯಾಂಡಿಗೆ, ವಿದ್ಯುತ್ ವಾದ್ಯಗಳಿಲ್ಲದ ಅಕೂಸ್ಟಿಕ್ ಸಂಜೆಗೆ ಒಳ್ಳೆಯದು. ಆದರೆ ಡ್ರಮ್ಸ್ ಏರುವಾಗ ಕುರ್ಚಿಯಲ್ಲಿ ಕೂತಿರುವುದು ನನ್ನಿಂದಾಗದು. ಎದ್ದರೆ ಹಿಂದಿನವರು "ಸ್ವಲ್ಪ ಕೂತ್ಕೊಳ್ಳಿ ಮೇಡಂ" ಅನ್ನುತ್ತಾರೆ, ಅದರಲ್ಲಿ ತಪ್ಪೂ ಇಲ್ಲ.

ಮನೆ ಸೇರುವ ಮಾತಿಗೆ ಬಂದರೆ ಸಭಾಂಗಣ, ಮೈದಾನ ಎರಡೂ ಹತ್ತರ ಹೊತ್ತಿಗೆ ಬಿಡುಗಡೆ, ಮೆಟ್ರೊ ಸಿಗುತ್ತದೆ. ಮೈದಾನದಿಂದ ರಸ್ತೆಗೆ ಬರುವುದಕ್ಕೇ ಮುಕ್ಕಾಲು ಗಂಟೆ ಬೇಕಾಗಬಹುದು, ಆ ಮಾತು ಬೇರೆ. ಕ್ಲಬ್ಬಿನಲ್ಲಿ ಕೊನೆಯ ಹಾಡಿಗೂ ಕೊನೆಯ ರೈಲಿಗೂ ಪೈಪೋಟಿ. ತಮ್ಮ ಜೊತೆಗಿಲ್ಲದ ದಿನ ನಾನು ಇಂದಿರಾನಗರ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದ ಕ್ಲಬ್ಬುಗಳನ್ನೇ ಆರಿಸುತ್ತೇನೆ. ಬೇರೆ ಹೆಂಗಸರಿಗೂ ಇದನ್ನೇ ಹೇಳುತ್ತೇನೆ.

ಕ್ಲಬ್ಬಿನ ಪರವಾಗಿ ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣವಿದೆ: ಅವು ಕಡಿಮೆಯಾಗುತ್ತ ಬಂದಿವೆ. ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಪರವಾನಗಿ ಬೇಕೆನ್ನುವ 2005ರ ಪೊಲೀಸ್ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ ಎಷ್ಟೋ ಕಡೆ ಲೈವ್ ಸಂಗೀತವೇ ನಿಂತಿತು. 2013ರಲ್ಲಿ ತೆರೆದು, ದೇಶದ ಎಷ್ಟೋ ಇಂಡೀ ಬ್ಯಾಂಡುಗಳಿಗೆ ವೇದಿಕೆಯಾಗಿದ್ದ ಇಂದಿರಾನಗರದ ಹಮ್ಮಿಂಗ್ ಟ್ರೀ 2019ರಲ್ಲಿ ಬಾಗಿಲು ಹಾಕಿತು. ಅದು ಹೋದದ್ದು ನನಗೆ ಇವತ್ತಿಗೂ ಸಂಕಟ. ಮೈದಾನಕ್ಕೆ ಪ್ರಾಯೋಜಕರಿದ್ದಾರೆ, ಸಭಾಂಗಣಕ್ಕೆ ಮದುವೆ, ಸಮಾರಂಭ, ನಾಟಕ ಎಲ್ಲ ಇದೆ. ಕ್ಲಬ್ಬಿನ ಬ್ಯಾಂಡಿಗೆ ಬಾಗಿಲಲ್ಲಿ ಕೊಟ್ಟ ಟಿಕೆಟ್ ದುಡ್ಡೇ ಆಧಾರ. ಹಾಗಾಗಿ ಪುಕ್ಕಟೆ ಒಳಬಿಡುವವರ ಗೆಸ್ಟ್ ಲಿಸ್ಟಿಗೆ ಹೆಸರು ಸೇರಿಸಿ ಅಂತ ಪರಿಚಯದವರನ್ನು ಕೇಳದೆ ಟಿಕೆಟ್ ಕೊಂಡೇ ಹೋಗಿ. ಹಾಡು ಮುಗಿದ ಮೇಲೆ ಬಾಗಿಲ ಪಕ್ಕದ ಮೇಜಿನಲ್ಲಿ ಟೀ ಶರ್ಟ್ ಮಾರುತ್ತ ನಿಂತಿರುವವರು ಬಹಳ ಸಲ ಆಗಷ್ಟೇ ವೇದಿಕೆ ಇಳಿದ ಡ್ರಮ್ಮರೇ ಆಗಿರುತ್ತಾರೆ. ಒಂದು ಕೊಳ್ಳಿ, ಯಾವ ಹಾಡು ಹಿಡಿಸಿತು ಅಂತ ಹೇಳಿ. ಮುಂದಿನ ಸಲ ಅದು ಪಟ್ಟಿಯಲ್ಲಿ ಉಳಿದರೂ ಉಳಿದೀತು.