ಹಬ್ಬದ ಹೆಣಿಗೆಗೆ ಯಾವ ಕಡ್ಡಿ: ತಿರುಪಿನ ಸೆಟ್ಟೋ, ಉದ್ದ ಕೇಬಲ್ಲಿನ ಒಂಟಿ ಕಡ್ಡಿಯೋ?

ಮೊದಲೇ ಹೇಳಿಬಿಡುತ್ತೇನೆ: ನನ್ನ ಓಟು 80 ಸೆಂಟಿಮೀಟರ್ ಉದ್ದದ, ಬಿಚ್ಚಲು ಬಾರದ, ಸಾದಾ ಸರ್ಕ್ಯುಲರ್ ಕಡ್ಡಿಗೆ, ಅಂದರೆ ಎರಡು ಗಿಡ್ಡ ತುದಿಗಳನ್ನು ಬಾಗುವ ಕೇಬಲ್ಲೊಂದು ಜೋಡಿಸಿರುವ ಕಡ್ಡಿಗೆ. ಆರು ವರ್ಷಗಳಿಂದ ನನ್ನ ಕೈಯಲ್ಲಿ ಸವೆದದ್ದು ಅದೇ. ಅದನ್ನು ಬದಿಗೆ ಸರಿಸಿ, ಜಿಪ್ ಇರುವ ಚೆಂದದ ಪೆಟ್ಟಿಗೆಯಲ್ಲಿ ಬಂದ, ತುದಿಗಳನ್ನು ಬೇಕಾದ ಕೇಬಲ್ಲಿಗೆ ತಿರುಪಿ ಜೋಡಿಸುವ ಸೆಟ್ ಕೊಂಡವಳೂ ನಾನೇ. ಹಬ್ಬಕ್ಕೆ ಮೂರು ವಾರ ಇದೆ ಎನ್ನುವಾಗ ಆ ಸೆಟ್ಟನ್ನು ನಂಬಿ ಭಾವನ ಟೋಪಿ ಶುರುಮಾಡಿ, ಹಬ್ಬದ ದಿನ ಅವರ ಕೈಗೆ ಅರ್ಧ ಟೋಪಿಯನ್ನು ಕಡ್ಡಿ ಸಮೇತ ಕಟ್ಟಿಕೊಟ್ಟವಳೂ ನಾನೇ. ಆದ್ದರಿಂದ ಈ ಹೋಲಿಕೆಯಲ್ಲಿ ನಿಷ್ಪಕ್ಷಪಾತವನ್ನು ಹುಡುಕಬೇಡಿ.

ಹಬ್ಬದ ಹೆಣಿಗೆಯ ಪಟ್ಟಿಗೆ ಒಂದು ಸ್ವಭಾವವಿದೆ. ನಾಲ್ಕು ತಿಂಗಳು ಮುಂಚೆ ಬರೆದಾಗ ಅದರಲ್ಲಿ ಎರಡು ಸ್ವೆಟರ್ ಇರುತ್ತವೆ. ಎರಡು ತಿಂಗಳು ಉಳಿದಾಗ ಸ್ವೆಟರ್ ಹೋಗಿ ಶಾಲು ಬರುತ್ತದೆ. ಒಂದು ತಿಂಗಳಿರುವಾಗ ಉಳಿಯುವುದು ಟೋಪಿ, ಕಾಲುಚೀಲ ಮತ್ತು ಯಾರದೋ ಕೂಸಿಗೊಂದು ಕುಲಾವಿ. ಅಂದರೆ ಎಲ್ಲವೂ ಕೊಳವೆ. ನಾನು ಕೊಳವೆ ಹೆಣೆಯುವವಳು, ಅಷ್ಟೇ. ಕೊಳವೆಯನ್ನು ಯಾವುದರಲ್ಲಿ ಹೆಣೆದರೆ ಗಡುವಿನೊಳಗೆ ಮುಗಿಯುತ್ತದೆ ಎಂಬುದೊಂದೇ ನನಗೆ ಬೇಕಾದ ಉತ್ತರ.

ಇನ್ನೊಂದು ತೊಡಕಿದೆ. ಉಡುಗೊರೆ ಪಡೆಯುವವರಲ್ಲಿ ಅರ್ಧದಷ್ಟು ಮಂದಿ ನನ್ನ ಮನೆಯಲ್ಲೇ ಓಡಾಡುತ್ತಾರೆ. ಹೆಜ್ಜೆ ಸಪ್ಪಳ ಕೇಳಿದೊಡನೆ, ಸುತ್ತಿನ ನಡುವೆಯೇ, ಕೈಯಲ್ಲಿರುವುದನ್ನು ಚೀಲಕ್ಕೆ ತುರುಕಿ ಮುಗ್ಧ ಮುಖ ಮಾಡಬೇಕು. ಕಡ್ಡಿಯ ಹೊಳಪು, ಚೂಪು, ಮರವೋ ಲೋಹವೋ ಎಂಬ ಚರ್ಚೆಗಳೆಲ್ಲ ಆಮೇಲೆ. ತುರುಕಿದ ಹೆಣಿಗೆಯನ್ನು ಮತ್ತೆ ಹೊರತೆಗೆದಾಗ ಕುಣಿಕೆಗಳೆಲ್ಲ ಇದ್ದಲ್ಲೇ ಇರುತ್ತವೆಯೇ? ನಾನು ಎಲ್ಲ ಕಡ್ಡಿಗಳಿಗೂ ಕೊಟ್ಟ ಪರೀಕ್ಷೆ ಇದು.

ಹಳೆಯ ದಾರಿ ಐದು ಕಡ್ಡಿಯ ಕಟ್ಟು, ಎರಡೂ ತುದಿ ಚೂಪಾಗಿರುವಂಥದ್ದು. ಹಳೆಯದು ಎಂದರೆ ನಿಜವಾಗಿಯೂ ಹಳೆಯದು: ಜರ್ಮನಿಯ ಬುಕ್ಸ್ಟಹೂಡೆ ಎಂಬ ಊರಿನ ಚರ್ಚಿಗಾಗಿ 1400ರ ಆಸುಪಾಸಿನಲ್ಲಿ ಮಾಸ್ಟರ್ ಬರ್ಟ್ರಾಮ್ ಕೈಯಲ್ಲಿ ಮೂಡಿದ ಚಿತ್ರವೊಂದರಲ್ಲಿ ಮೇರಿ ಮಾತೆ ಹೀಗೆಯೇ ಹಲವು ಕಡ್ಡಿಗಳಲ್ಲಿ ಅಂಗಿಯೊಂದನ್ನು ಸುತ್ತಾಗಿ ಹೆಣೆಯುತ್ತಿದ್ದಾಳೆ. ಅವಳ ಮುಖದಲ್ಲಿರುವ ಶಾಂತಿ ನನಗೆ ಒಮ್ಮೆಯೂ ಒಲಿದಿಲ್ಲ. ನಾಲ್ಕು ಕಡ್ಡಿಗಳಲ್ಲಿ ಹದಿನಾರು ಹದಿನಾರರಂತೆ 64 ಕುಣಿಕೆ ಹಂಚಿ, ಐದನೆಯದರಲ್ಲಿ ಹೆಣೆಯುವುದು ನೋಡಲು ಚೆಂದ. ಕಡ್ಡಿಯಿಂದ ಕಡ್ಡಿಗೆ ದಾಟುವ ನಾಲ್ಕು ಸಂದಿಗಳಲ್ಲಿ ಏಣಿಯ ಮೆಟ್ಟಿಲಿನಂತೆ ಸಡಿಲ ಎಳೆಗಳು ನಿಲ್ಲುತ್ತವೆ. ಹೊಸ ಕಡ್ಡಿಯ ಮೊದಲ ಕುಣಿಕೆಯನ್ನು ಬಿಗಿಯುವುದಕ್ಕಿಂತ ಎರಡನೆಯದನ್ನು ಹೆಣೆದ ಮೇಲೆ ಎಳೆದು ಬಿಗಿದರೆ ಅದು ಕಡಿಮೆಯಾಗುತ್ತದೆ ಎಂದು ಕಲಿಯಲು ನನಗೆ ಮೂರು ಜೊತೆ ಕಾಲುಚೀಲ ಬೇಕಾಯಿತು. ಚೀಲದ ಪರೀಕ್ಷೆಯಲ್ಲಿ ಇದು ಮೊದಲ ದಿನವೇ ಫೇಲು. ಒಂದು ಕಡ್ಡಿ ಪೂರ್ತಿ ಜಾರಿ ಬಂದಿತ್ತು, ಹದಿನಾರು ಕುಣಿಕೆಗಳು ಬಾಯಿ ತೆರೆದುಕೊಂಡಿದ್ದವು. ಮರದ 2.5 ಮಿಲಿಮೀಟರ್ ಕಡ್ಡಿಯ ಮೇಲೆ ಒಮ್ಮೆ ಕುಳಿತೂಬಿಟ್ಟೆ, ಏನಾಯಿತೆಂದು ಹೇಳಬೇಕಾಗಿಲ್ಲ. ಆಮೇಲೆ ಇನ್ನೊಂದು ಎಲ್ಲೋ ಕಳೆದುಹೋಯಿತು. ಮೂರು ಕಡ್ಡಿಯಲ್ಲಿ ಕೊಳವೆ ಹೆಣೆಯುವ ವಿದ್ಯೆ ನನಗೆ ಗೊತ್ತಿಲ್ಲ. ಹಾಗಿದ್ದರೂ ಟೋಪಿಯ ನೆತ್ತಿಯ ಕೊನೆಯ ಎಂಟು ಕುಣಿಕೆ, ಕೈಗವಸಿನ ಹೆಬ್ಬೆರಳು, ಕುಲಾವಿಗೆ ಕಟ್ಟುವ ಹೆಣೆದ ಹುರಿ, ಇವಕ್ಕೆ ಈ ಕಡ್ಡಿಗಳಿಗೆ ಸಮನಾದದ್ದಿಲ್ಲ.

23 ಸೆಂಟಿಮೀಟರಿನ ಪುಟಾಣಿ ಸರ್ಕ್ಯುಲರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಲುಚೀಲದ ನೇರ ಭಾಗದಲ್ಲಿ ಅದು ಗಾಳಿಯಂತೆ ಓಡುತ್ತದೆ, ಏಣಿ ಬೀಳುವುದಿಲ್ಲ, ಚೀಲಕ್ಕೆ ತುರುಕಿದರೂ ಕುಣಿಕೆ ಅಷ್ಟಾಗಿ ಜಾರುವುದಿಲ್ಲ. ಆದರೆ ಹಿಡಿಯಲು ತುದಿಯೇ ಇಲ್ಲ. ಅರ್ಧ ಗಂಟೆಗೆ ನನ್ನ ಬೆರಳುಗಳು ಕೊಕ್ಕೆಯಾದವು. ಸಣ್ಣ ಕೈಯವರು ಪ್ರಯತ್ನಿಸಬಹುದು.

40 ಸೆಂಟಿಮೀಟರಿನದು ಟೋಪಿಯ ಗೋಡೆಗೆ ರಾಜ. ನೆತ್ತಿಯಲ್ಲಿ ಕುಣಿಕೆ ಕಡಿಮೆಯಾಗುತ್ತ ಹೋದಂತೆ ಸುತ್ತಿಗೆ ಎಟುಕದೆ ರಾಜೀನಾಮೆ ಕೊಡುತ್ತದೆ. ಆಗ ಹೇಗೂ ಬೇರೆ ಕಡ್ಡಿ ಬೇಕು.

ಈಗ ತಿರುಪಿನ ಸೆಟ್ಟಿಗೆ ಬರೋಣ.

ಅದನ್ನು ಕೊಂಡದ್ದಕ್ಕೆ ಕಾರಣ ಆಸೆ, ಬೇರೇನಿಲ್ಲ. ಏಳು ಜೊತೆ ತುದಿಗಳು, ನಾಲ್ಕು ಕೇಬಲ್‌ಗಳು, ಕೇಬಲ್ಲಿನ ಬಾಯಿ ಮುಚ್ಚುವ ಗುಂಡಿಗಳು, ತಿರುಪು ಬಿಗಿಯಲು ತಂತಿಯ ಪುಟ್ಟ ಕೀಲಿ. ಒಂದೇ ಪೆಟ್ಟಿಗೆಯಲ್ಲಿ ಇಡೀ ಜನ್ಮಕ್ಕೆ ಸಾಲುವಷ್ಟು ಕಡ್ಡಿ ಎಂದು ಲೆಕ್ಕ ಹಾಕಿದೆ. ಲೆಕ್ಕ ಮೊದಲ ಸಂಜೆಯೇ ತಪ್ಪಿತು: ಸೆಟ್ಟಿನಲ್ಲಿದ್ದ ಅತಿ ತೆಳು ತುದಿ 3.5 ಮಿಲಿಮೀಟರಿನದು. ಕಾಲುಚೀಲಕ್ಕೆ ನನಗೆ ಬೇಕಾದದ್ದು 2.25 ಅಥವಾ 2.5. ಅಂದರೆ ಪಟ್ಟಿಯ ಅರ್ಧದಷ್ಟು ಕೆಲಸಕ್ಕೆ ಆ ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ. ಕೊಳ್ಳುವ ಮುನ್ನ ಓದಿಕೊಳ್ಳಬೇಕಾದದ್ದನ್ನು ಕೊಂಡ ಮೇಲೆ ಓದುವುದು ನನ್ನ ಹಳೆಯ ಚಾಳಿ. (ಇದೇ ಚಾಳಿಯಿಂದ ಹಿಂದೊಮ್ಮೆ 8 ನಂಬರಿನ ಕಡ್ಡಿ ತರಿಸಿದ್ದೆ. ಹಳೆಯ ಬ್ರಿಟಿಷ್ ಲೆಕ್ಕದಲ್ಲಿ 8 ಎಂದರೆ 4 ಮಿಲಿಮೀಟರ್, ಅಮೆರಿಕದ ಲೆಕ್ಕದಲ್ಲಿ 5. ಬಂದ ಟೋಪಿಯನ್ನು ಕೊನೆಗೆ ಟೀಪಾಟಿಗೆ ಹೊದಿಸಿದೆವು.)

ಸರಿ, ಟೋಪಿಗಳಿಗಾದರೂ ಆಗಲಿ ಎಂದುಕೊಂಡೆ. ಭಾವನಿಗೆ ಜಡೆ ಹೆಣಿಗೆಯ ಟೋಪಿ, 112 ಕುಣಿಕೆ, 4 ಮಿಲಿಮೀಟರ್ ತುದಿ. ಎರಡು ಉಲ್ಟಾ, ಆರು ಸೀದಾ. ಆ ಆರರಲ್ಲಿ ಮೂರು ಮೂರನ್ನು ಎಂಟು ಸುತ್ತಿಗೊಮ್ಮೆ ಅದಲುಬದಲು ಮಾಡಿದರೆ ಜಡೆ. ಇಂಥ ಹದಿನಾಲ್ಕು ಜಡೆಗಳು. ಬಣ್ಣ ಅಕ್ಕ ಆರಿಸಿದ್ದು: ಕಡುನೀಲಿ, ದೀಪದ ಬೆಳಕಿನಲ್ಲಿ ಕಪ್ಪೇ.

ಮೊದಲ ಎರಡು ದಿನ ತಕರಾರಿಲ್ಲ. ಮೂರನೆಯ ದಿನ ಕುಣಿಕೆಗಳು ಕೇಬಲ್ಲಿನಿಂದ ತುದಿಯ ಮೇಲೆ ಹತ್ತಲು ಹಟಮಾಡತೊಡಗಿದವು. ಉಗುರಿನಿಂದ ಒಂದೊಂದನ್ನೂ ತಳ್ಳಬೇಕು. ನಾನು ಬಿಗಿಯಾಗಿ ಹೆಣೆಯುತ್ತಿರಬೇಕು ಎಂದು ನನ್ನನ್ನೇ ಬೈದುಕೊಂಡೆ. ಅಸಲು ಸಂಗತಿ ಬೇರೆ. ತಿರುಪು ಕೂದಲೆಳೆಯಷ್ಟು ಸಡಿಲವಾಗಿ, ತುದಿಗೂ ಕೇಬಲ್ಲಿಗೂ ನಡುವೆ ಒಂದು ಸಂದಿ ಬಿದ್ದಿತ್ತು. ನೂಲಿನ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಕುಣಿಕೆ ಹತ್ತಲು ತಕರಾರು ತೆಗೆದರೆ ಮೊದಲು ಕೀಲು ನೋಡಬೇಕು. ಈ ಮಾತನ್ನು ನನಗೆ ಯಾರಾದರೂ ಆ ಮೂರನೆಯ ದಿನ ಹೇಳಿದ್ದರೆ ಈ ಬರಹಕ್ಕೆ ವಿಷಯವೇ ಇರುತ್ತಿರಲಿಲ್ಲ.

ನಾಲ್ಕನೆಯ ರಾತ್ರಿ, ಜಡೆಯ ಮೂರನೆಯ ತಿರುವಿನಲ್ಲಿದ್ದಾಗ, ಹೊರಗೆ ಹೆಜ್ಜೆ ಸಪ್ಪಳ. ಎಂದಿನಂತೆ ತುರುಕಿದೆ. ಹತ್ತು ನಿಮಿಷದ ಮೇಲೆ ತೆಗೆದರೆ ಬಲಗೈಗೆ ಬಂದದ್ದು ತುದಿ ಮಾತ್ರ, ಒಂಟಿಯಾಗಿ. ಟೋಪಿ ಚೀಲದೊಳಗೇ ಇತ್ತು. ಕೇಬಲ್ಲಿನ ಬಾಯಿಯಿಂದ ನಲವತ್ತು ಚಿಲ್ಲರೆ ಕುಣಿಕೆಗಳು ಹೊರಗೆ ಸುರಿದಿದ್ದವು. ಸಾದಾ ಹೆಣಿಗೆಯಾಗಿದ್ದರೆ ಕ್ರೋಶಾ ಕೊಕ್ಕೆಯಲ್ಲಿ ಮೇಲೆತ್ತಿಬಿಡುತ್ತಿದ್ದೆ. ಜಡೆಯ ಅಡ್ಡ ಹಾಯುವ ಸಾಲಿನಲ್ಲಿ, ಕಪ್ಪಿನಂಥ ನೀಲಿಯಲ್ಲಿ, ಯಾವ ಮೂರು ಯಾವ ಮೂರರ ಮೇಲೆ ಹೋಗಿತ್ತೆಂದು ದೇವರಿಗೇ ಗೊತ್ತು. ಒಂದು ಗಂಟೆ ಹೆಣಗಿ, ಹದಿನೇಳು ಸುತ್ತು ಬಿಚ್ಚಿದೆ. ಬಿಚ್ಚಿದ ನೂಲು ಗುಂಗುರು ಗುಂಗುರಾಗಿ ಮಡಿಲಲ್ಲಿ ಬಿದ್ದಿತ್ತು. ಅದನ್ನು ಉಂಡೆ ಸುತ್ತುವಾಗ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಯಾಕೆ ಹೀಗಾಗುತ್ತದೆಂದು ಆಮೇಲೆ ಕುಳಿತು ನೋಡಿದೆ. ಹೆಣೆಯುವಾಗ ಪ್ರತಿ ಕುಣಿಕೆಗೂ ಬೆರಳುಗಳು ತುದಿಯನ್ನು ಒಂದಿಷ್ಟು ಹೊರಳಿಸುತ್ತವೆ. ಕೇಬಲ್ ಮಾತ್ರ ಹೊರಳುವುದಿಲ್ಲ, ನೂರಾರು ಕುಣಿಕೆಗಳ ಬಿಗಿತ ಅದನ್ನು ಹಿಡಿದಿರುತ್ತದೆ. ಒಂದು ಕಡೆ ತಿರುಗುತ್ತ, ಇನ್ನೊಂದು ಕಡೆ ನಿಂತಿರುವ ತಿರುಪಿಗೆ ಸಾವಿರ ಕುಣಿಕೆಗಳ ಮೇಲೆ ಏನಾಗಬೇಕೋ ಅದೇ ಆಯಿತು. ಇದಕ್ಕೆಂದೇ ಕೀಲಿನಲ್ಲಿ ತಾನಾಗಿ ತಿರುಗುವ ಕೇಬಲ್‌ಗಳನ್ನು ಮಾಡುವವರಿದ್ದಾರೆ. ನನ್ನ ಸೆಟ್ಟಿನಲ್ಲಿ ಅದಿರಲಿಲ್ಲ. ಕೈಯಿಂದ ಬಿಗಿದರೆ ಸಾಲದು. ಕೀಲಿಯನ್ನು ಪುಟ್ಟ ತೂತಿಗೆ ತೂರಿಸಿ, ತುದಿಯನ್ನು ರಬ್ಬರ್ ತುಂಡಿನಿಂದ ಹಿಡಿದು ಬಿಗಿಯಬೇಕು. ಕೀಲಿ ಎಲ್ಲಿ? ಮೊದಲ ವಾರವೇ ಕಾಣೆ. ಸೇಫ್ಟಿ ಪಿನ್ನಿನಿಂದಲೂ ಆಗುತ್ತದೆ, ಮಾಡಿದೆ. ಆದರೆ ಪ್ರತಿ ದಿನ ಹೆಣೆಯಲು ಕೂರುವ ಮುನ್ನ ಸೈಕಲ್ ರಿಪೇರಿಯವರಂತೆ ತಿರುಪು ಪರೀಕ್ಷಿಸುವ ತಾಳ್ಮೆ ನನ್ನಲ್ಲಿಲ್ಲ. ನನಗೆ ಸಿಗುವುದೇ ಇಪ್ಪತ್ತು ನಿಮಿಷದ ತುಣುಕುಗಳು.

ಸೆಟ್ಟಿನ ಪರವಾಗಿಯೂ ಒಂದೆರಡು ಮಾತು ಹೇಳಲೇಬೇಕು. ಕೀಲಿಯ ಅದೇ ತೂತಿಗೆ ತೆಳು ದಾರ ಪೋಣಿಸಿ ಒಂದು ಸುತ್ತು ಹೆಣೆದರೆ ದಾರ ತಾನಾಗಿ ಎಲ್ಲ ಕುಣಿಕೆಗಳೊಳಗೆ ಹಾದುಬರುತ್ತದೆ. ಮುಂದೆ ಎಡವಟ್ಟಾದರೆ ಅಲ್ಲಿಯವರೆಗೆ ಮಾತ್ರ ಬಿಚ್ಚಿದರೆ ಸಾಕು. ಸ್ವೆಟರ್ ಹೆಣೆಯುವವರು ತೋಳಿನ ಕುಣಿಕೆಗಳನ್ನು ಕೇಬಲ್ಲಿನಲ್ಲೇ ಬಿಟ್ಟು, ಗುಂಡಿ ಹಾಕಿ, ತುದಿಯನ್ನು ಬೇರೆಡೆಗೆ ಬಳಸಬಹುದು. ಉಲ್ಟಾ ಸಾಲು ಸಡಿಲವಾಗಿ ಬರುವವರು ಒಂದು ಕಡೆಗೆ ತೆಳು ತುದಿ ಹಾಕಿಕೊಳ್ಳಬಹುದು. ಒಂದೇ ಕುರ್ಚಿಯಲ್ಲಿ, ಒಂದೇ ದೀಪದ ಕೆಳಗೆ, ಯಾರಿಗೂ ಹೆದರದೆ ಹೆಣೆಯುವವರಿಗೆ ಅದು ಒಳ್ಳೆಯ ಆಸ್ತಿ.

ಇನ್ನು ನನ್ನ ಒಂಟಿ ಕಡ್ಡಿ. ಉದ್ದ ಕೇಬಲ್ಲಿನ ನಡುವನ್ನು ಕುಣಿಕೆಗಳ ಮಧ್ಯದಿಂದ ಕಿವಿಯಂತೆ ಹೊರಗೆಳೆದು, ಅರ್ಧ ಮುಂದೆ, ಅರ್ಧ ಹಿಂದೆ ಇಟ್ಟು ಹೆಣೆಯುವ ಉಪಾಯಕ್ಕೆ ಮ್ಯಾಜಿಕ್ ಲೂಪ್ ಎನ್ನುತ್ತಾರೆ. ಸಾರಾ ಹೌಶ್ಕಾ ಎಂಬ ಹೆಣಿಗೆಗಾರ್ತಿಯ ಈ ಕೈಚಳಕ 2002ರಲ್ಲಿ ಒಂದು ಕಿರುಹೊತ್ತಿಗೆಯಾಗಿ ಬಂದು ಎಲ್ಲೆಡೆ ಹಬ್ಬಿತು. ಕಾಲುಚೀಲದ 64 ಕುಣಿಕೆಯೂ ಟೋಪಿಯ 112 ಕುಣಿಕೆಯೂ ನೆತ್ತಿಯ ಕೊನೆಯ ಎಂಟೂ ಒಂದೇ ಕೇಬಲ್ಲಿನಲ್ಲಿ ಆಗುತ್ತವೆ; ದಪ್ಪಕ್ಕೊಂದು ಕಡ್ಡಿ ಇದ್ದರೆ ಸಾಕು. ಸುತ್ತಿಗೆ ಎರಡು ಸಲ ಕೇಬಲ್ ಎಳೆಯಬೇಕು. ಇದು ಕಿರಿಕಿರಿಯೇ, ಒಪ್ಪುತ್ತೇನೆ. ಗಡಿಯಾರ ಇಟ್ಟು ನೋಡಿದರೆ ಪುಟಾಣಿ ಸರ್ಕ್ಯುಲರ್ ಖಂಡಿತ ಮುಂದಿರುತ್ತದೆ. ಏಣಿ ಇಲ್ಲಿಯೂ ಬೀಳಬಹುದು, ಆದರೆ ನಾಲ್ಕಲ್ಲ, ಎರಡು ಕಡೆ.

ಕೇಬಲ್ ಗಡುಸಾಗಿದ್ದರೆ ಮಾತ್ರ ಈ ಉಪಾಯ ನರಕ. ಹೊಸದು ಹಾವಿನಂತೆ ಸುರುಳಿ ಸುತ್ತಿಕೊಂಡಿರುತ್ತದೆ. ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ ನೇರ ಎಳೆದರೆ ಮಣಿಯುತ್ತದೆ.

ಆದರೆ ಚೀಲ! ಎರಡೂ ಅರ್ಧಗಳನ್ನು ಕೇಬಲ್ಲಿನ ನಡುವಿಗೆ ದೂಡಿ, ತುದಿಗಳು ದೂರದಲ್ಲಿ ಜೋತಾಡುವಂತೆ ಬಿಟ್ಟು ತುರುಕಿದರೆ ಒಂದು ಕುಣಿಕೆಯೂ ಅಲುಗುವುದಿಲ್ಲ. ಎರಡು ಸೆಕೆಂಡಿನ ಕೆಲಸ. ಬಿಚ್ಚಿಕೊಳ್ಳಲು ಅದಕ್ಕೆ ಕೀಲೇ ಇಲ್ಲ. ಕಳೆದುಹೋಗಲು ಎರಡನೆಯ ತುಂಡಿಲ್ಲ.

ಒಂದು ಮೀಟರಿನ ಕೇಬಲ್ ಇದ್ದರೆ ಎರಡು ಕಾಲುಚೀಲಗಳನ್ನು ಒಟ್ಟೊಟ್ಟಿಗೆ ಹೆಣೆಯಬಹುದು. ಒಂದನ್ನು ಮುಗಿಸಿದ ಮೇಲೆ ಇನ್ನೊಂದರ ಮೇಲೆ ಬೇಸರ ಬರುವ ರೋಗ ನನಗೆ ತೀವ್ರವಾಗಿದೆ. ನನ್ನ ಕಪಾಟಿನಲ್ಲಿ ಒಂಟಿ ಕಾಲುಚೀಲಗಳ ಒಂದು ಅನಾಥಾಲಯವೇ ಇದೆ. ಒಟ್ಟಿಗೆ ಹೆಣೆದರೆ ಎರಡೂ ಒಂದೇ ಸುತ್ತಿನಲ್ಲಿ ಮುಗಿಯುತ್ತವೆ, ಉದ್ದ ಅಳೆಯುವ ಗೋಜೂ ಇಲ್ಲ. ಎರಡು ಉಂಡೆಗಳು ಒಂದಕ್ಕೊಂದು ಸಿಕ್ಕು ಹಾಕಿಕೊಳ್ಳುವುದು ಅದಕ್ಕೆ ತೆರಬೇಕಾದ ಸುಂಕ.

ನೂಲಿನ ಬಗ್ಗೆ ಒಂದೇ ಸಾಲು: ಉಡುಗೊರೆಗಾದರೆ ಯಂತ್ರದಲ್ಲಿ ಒಗೆಯಬಹುದಾದ ಉಣ್ಣೆಯನ್ನೇ ಆರಿಸಿ, ಏಕೆಂದರೆ ಪಡೆದವರು ಅದನ್ನು ಬಿಸಿನೀರಿಗೆ ಹಾಕಿಯೇ ಹಾಕುತ್ತಾರೆ.

ದುಡ್ಡಿನ ಲೆಕ್ಕ ಸರಳ. ವರ್ಷವಿಡೀ ನಾನು ನಿಜವಾಗಿ ಬಳಸುವುದು 2.5, 3.25 ಮತ್ತು 4 ಮಿಲಿಮೀಟರ್, ಮೂರೇ ಅಳತೆ. ಮೂರು ಒಂಟಿ ಕಡ್ಡಿ ಕೊಂಡರೂ ಸೆಟ್ಟಿನ ಬೆಲೆಯಲ್ಲಿ ನಾಲ್ಕಾರು ಉಂಡೆ ನೂಲಿಗೆ ಉಳಿಯುತ್ತಿತ್ತು. ನೀವು ಹತ್ತು ಅಳತೆ ಬಳಸುವವರಾದರೆ, ಸ್ವೆಟರ್ ಮುಗಿಸುವ ಛಲ ಇರುವವರಾದರೆ, ಸೆಟ್ ತೆಗೆದುಕೊಳ್ಳಿ. ತಿರುಗುವ ಕೇಬಲ್ ಇರುವುದನ್ನೇ ನೋಡಿ, ಅತಿ ತೆಳು ತುದಿ ಎಷ್ಟೆಂದು ಮೊದಲು ಓದಿ. ನನ್ನಂತೆ ಕೊಳವೆ ಹೆಣೆದು ಬಚ್ಚಿಡುವವರಾದರೆ ಬೇಡ.

ಭಾವನ ಟೋಪಿಯನ್ನು ಹಬ್ಬ ಕಳೆದು ಒಂದೂವರೆ ತಿಂಗಳ ಮೇಲೆ ಹಳೆಯ ಕಡ್ಡಿಯಲ್ಲೇ ಮುಗಿಸಿದೆ. ಬಚ್ಚಿಡುವ ಅಗತ್ಯ ಇರಲಿಲ್ಲವಾದ್ದರಿಂದ ಅವರ ಎದುರಿಗೇ ಕುಳಿತು ಹೆಣೆದೆ. ಮೊನ್ನೆ ಸೋಫಾ ಸರಿಸಿ ಗುಡಿಸಿದಾಗ ಗೋಡೆಯ ಬದಿಯಲ್ಲಿ ತಂತಿಯ ಕೀಲಿ ಸಿಕ್ಕಿತು. ಅದರ ಪಕ್ಕದಲ್ಲೇ, ಐದು ಕಡ್ಡಿಯ ಕಟ್ಟಿನಿಂದ ಕಾಣೆಯಾಗಿದ್ದ ಆ ಒಂದು ಕಡ್ಡಿಯೂ.