ಹನ್ನೆರಡು ವರ್ಷ ಇಮೇಜ್‌ಮ್ಯಾಜಿಕ್ ಜೊತೆ ಗುದ್ದಾಡಿದ ಮೇಲೆ

ನನ್ನದು ಸಣ್ಣ ಡಿಟಿಪಿ ಅಂಗಡಿ. ಹಳೇ ಪುಸ್ತಕಗಳನ್ನು ಇ-ಪುಸ್ತಕ ಮಾಡಿಸುವವರು ಸೀಡಿ ತಂದು ಕೊಡುತ್ತಾರೆ. ಅದರಲ್ಲಿ ಮ್ಯಾಕ್‌ನ ಪಿಕ್ಟ್, ಡಾಸ್ ಕಾಲದ ಪಿಸಿಎಕ್ಸ್, ವಿಂಡೋಸ್‌ನ ಬಿಎಂಪಿ ಹೀಗೆ ಬಗೆಬಗೆಯ ಚಿತ್ರದ ಫೈಲುಗಳು ಕಲಸಿರುತ್ತವೆ. ಎಕ್ಸ್‌ಟೆನ್ಷನ್ನೇ (ಹೆಸರಿನ ಕೊನೆಯ ‘.bmp’ ಥರದ ಬಾಲ) ಇಲ್ಲದ ಫೈಲುಗಳೂ ಇರುತ್ತವೆ. ಹಳೇ ಮ್ಯಾಕ್‌ಗೆ ಅದು ಬೇಕಿರಲಿಲ್ಲ, ಇದು ಯಾವ ಬಗೆಯ ಫೈಲ್ ಅನ್ನೋದನ್ನು ಬೇರೆ ಕಡೆ ಬರೆದಿಟ್ಟುಕೊಳ್ಳುತ್ತಿತ್ತು, ಪಿಸಿಗೆ ಬರುವಷ್ಟರಲ್ಲಿ ಆ ಮಾಹಿತಿ ಉದುರಿಹೋಗಿರುತ್ತದೆ.

ಇವನ್ನೆಲ್ಲಾ ಬೇರೆ ಫಾರ್ಮ್ಯಾಟ್‌ಗೆ ಬದಲಿಸಲು ನಾನು ಬಳಸುವುದು ಇಮೇಜ್‌ಮ್ಯಾಜಿಕ್, ಕಮಾಂಡ್ ಟೈಪ್ ಮಾಡಿ ಚಿತ್ರಗಳ ಕೆಲಸ ಮಾಡಿಸುವ ಸಾಫ್ಟ್‌ವೇರ್. ಯಾವ ಬಗೆಯ ಫೈಲ್ ಅಂತ ಹೇಳುವ ಅದರ ‘ಐಡೆಂಟಿಫೈ’ ಕಮಾಂಡ್ ಇಂಥ ಕಡೆ ನನ್ನ ಬಲಗೈ. ಹೆಸರಿಗಿಂತ ಫೈಲಿನ ಮೊದಲ ಬೈಟುಗಳನ್ನೇ ಜಾಸ್ತಿ ನಂಬುತ್ತದೆ. ಟಿಫ್ ಅನ್ನುವ ಬಗೆಯ ಚಿತ್ರವಾದರೆ ಶುರುವಿನಲ್ಲೇ ‘ಐಐ’ ಅಥವಾ ‘ಎಂಎಂ’ ಅಂತಿರುತ್ತದೆ, ಅಂದರೆ ಒಂದು ಸಂಖ್ಯೆಯ ಬೈಟುಗಳನ್ನು ಬರೆದಿರುವುದು ಇಂಟೆಲ್ ಕ್ರಮದಲ್ಲೋ (ಚಿಕ್ಕ ಬೆಲೆಯ ಬೈಟ್ ಮೊದಲು) ಮೊಟೊರೊಲಾ ಕ್ರಮದಲ್ಲೋ (ದೊಡ್ಡ ಬೆಲೆಯದು ಮೊದಲು) ಎಂದು. ಬೈಟುಗಳ ಈ ಹಿಂದುಮುಂದು, ಬಿಎಂಪಿಯಲ್ಲಿ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಬರೆದಿರುವುದು, ಇದನ್ನೆಲ್ಲಾ ಅದೇ ನೋಡಿಕೊಳ್ಳುತ್ತದೆ. ಪುಕ್ಕಟೆ ಸಾಫ್ಟ್‌ವೇರ್‌ಗೆ ಇದಕ್ಕಿಂತ ಇನ್ನೇನು ಬೇಕು?

ಆದರೆ ಫೈಲಿನಲ್ಲಿ ಬರೆದಿಲ್ಲದ್ದು ಅದಕ್ಕೂ ಗೊತ್ತಾಗುವುದಿಲ್ಲ ಅಲ್ವಾ. ಮೊದಲ ವರ್ಷ ಮಕ್ಕಳ ಪುಸ್ತಕವೊಂದರ ಚಿತ್ರಗಳೆಲ್ಲಾ ಮಂಕಾಗಿ, ಕಪ್ಪಾಗಿ ಬಂದವು. ಸ್ಕ್ಯಾನ್ ಸರಿಯಿಲ್ಲ ಅಂತ ಗಿರಾಕಿಯ ಹತ್ತಿರ ಸುಮ್ನೆ ವಾದ ಮಾಡಿದೆ. ತಪ್ಪು ನನ್ನದೇ. ಪರದೆಯಲ್ಲಿ ನಡುವಿನ ಬಣ್ಣಗಳು ಎಷ್ಟು ತಿಳಿಯಾಗಿ ಅಥವಾ ಗಾಢವಾಗಿ ಕಾಣಬೇಕು ಅನ್ನುವ ಅಳತೆಗೆ ಗಾಮಾ ಅಂತಾರೆ. 2009ರಲ್ಲಿ ಸ್ನೋ ಲೆಪರ್ಡ್ ಅನ್ನುವ ಮ್ಯಾಕ್ ಆವೃತ್ತಿ ಬರುವ ತನಕ ಮ್ಯಾಕ್‌ನ ಗಾಮಾ 1.8, ಪಿಸಿಯದು 2.2. ಅಲ್ಲಿ ಚೆಂದ ಕಂಡದ್ದು ಇಲ್ಲಿ ಕಪ್ಪಾಗಿ ಕಾಣುತ್ತದೆ. ಈಗ ಅಂಥ ಚಿತ್ರಕ್ಕೆ ಗಾಮಾ 1.22 ಕೊಡುತ್ತೇನೆ (2.2ನ್ನು 1.8ರಿಂದ ಭಾಗಿಸಿ, ಅಷ್ಟೇ ಲೆಕ್ಕ), ಆಮೇಲೂ ಒಂದೊಂದನ್ನೂ ಕಣ್ಣಾರೆ ನೋಡಿಯೇ ಮುಂದಕ್ಕೆ ಕಳಿಸುತ್ತೇನೆ.

ಒಂದೇ ಸಲ ತುಂಬಾ ಚಿತ್ರಗಳನ್ನು ಬದಲಿಸುವ ‘ಮೋಗ್ರಿಫೈ’ ಕಮಾಂಡ್ ಬಗ್ಗೆ ಎಚ್ಚರ. ಬೇರೆ ಫಾರ್ಮ್ಯಾಟ್ ಅಥವಾ ಬೇರೆ ಫೋಲ್ಡರ್ ಹೇಳದಿದ್ದರೆ ಮೂಲ ಫೈಲಿನ ಮೇಲೆಯೇ ಬರೆದುಬಿಡುತ್ತದೆ, ಒಂದು ಮಾತೂ ಕೇಳುವುದಿಲ್ಲ. ಚಿತ್ರ ಚಿಕ್ಕದು ಮಾಡಲು ಹೋಗಿ ಒಂದು ಇಡೀ ಫೋಲ್ಡರ್ ಕಳೆದುಕೊಂಡೆ, ಪುಣ್ಯಕ್ಕೆ ಸೀಡಿ ಇನ್ನೂ ನನ್ನ ಹತ್ತಿರವೇ ಇತ್ತು. ಇನ್ನು ಚಿತ್ರದ ಫಾರ್ಮ್ಯಾಟ್ ಬದಲಿಸುವ ಇಮೇಜ್‌ಮ್ಯಾಜಿಕ್‌ನ ಕಮಾಂಡ್ ‘ಕನ್ವರ್ಟ್’. ವಿಂಡೋಸ್‌ನಲ್ಲಿ ಅದೇ ಹೆಸರಿನ ಇನ್ನೊಂದು ಕಮಾಂಡ್ ಇದೆ, ಅದು ಡಿಸ್ಕನ್ನು ಎನ್‌ಟಿಎಫ್‌ಎಸ್ (ಫೈಲುಗಳನ್ನು ಇಡುವ ವಿಂಡೋಸ್‌ನ ಪದ್ಧತಿ) ಮಾಡುವಂಥದ್ದು! ಇಮೇಜ್‌ಮ್ಯಾಜಿಕ್‌ನ ಏಳನೇ ಆವೃತ್ತಿಯಿಂದ ‘ಕನ್ವರ್ಟ್’ ಬದಲು ‘ಮ್ಯಾಜಿಕ್’ ಅಂತ ಹೊಡೆದರೆ ಸಾಕು, ಆ ಗೊಂದಲ ಇಲ್ಲ.

ಪಿಕ್ಟ್ ಮಾತ್ರ ಇವತ್ತಿಗೂ ತಲೆನೋವು. ಅದರೊಳಗೆ ಬಿಟ್‌ಮ್ಯಾಪ್ (ಚುಕ್ಕಿ ಚುಕ್ಕಿಯಾಗಿ ಬರೆದಿಟ್ಟ ಚಿತ್ರ) ಇದ್ದರೆ ಸಲೀಸು. ಗೆರೆ ಎಳೆ, ಅಕ್ಷರ ಬರೆ ಎನ್ನುವ ಆದೇಶಗಳಿದ್ದರೆ ಇಮೇಜ್‌ಮ್ಯಾಜಿಕ್ ಅವನ್ನು ಬಿಟ್ಟುಬಿಡುತ್ತದೆ, ನಕಾಶೆಯಲ್ಲಿ ಊರಿನ ಹೆಸರುಗಳೇ ಮಾಯ. ಅಂಥವನ್ನು ಲಿಬ್ರೆಆಫೀಸ್ ಡ್ರಾ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ತೆರೆದು ಪಿಎನ್‌ಜಿ ಚಿತ್ರ ಮಾಡಿಕೊಳ್ಳುತ್ತೇನೆ. ಒಂದೊಂದಾಗಿ, ಕೈಯಲ್ಲೇ.